ಹೊರೆಗೆ ಒಂದು ಉದಾಹರಣೆ

ತಲೆಯ ಮೇಲೆ ಚುರುಮುರಿ ಚೀಲ ಇದ್ದಾಗ ನನ್ನ ಮುಖ ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಚೀಲ ಅಷ್ಟು ದೊಡ್ಡದು. ಎರಡೂ ಬದಿಗೆ ಇಳಿಬಿದ್ದು ಕಿವಿ, ಕೆನ್ನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಊರಿನವರು ನನ್ನನ್ನು ಕಾಲು ನೋಡಿ ಗುರುತಿಸುತ್ತಾರೆ. ಎಡಗಾಲಿನ ಕಿರುಬೆರಳು ಇಲ್ಲದಿರುವುದು ಇಡೀ ಊರಿಗೆ ನನ್ನೊಬ್ಬಳಿಗೇ. ಚೀಲ ನೋಡುವುದಕ್ಕೆ ದೊಡ್ಡದೇ ಹೊರತು ತೂಕದಲ್ಲಿ ಏನೂ ಅಲ್ಲ. ಉಫ್ ಎಂದರೆ ಹಾರಿಹೋಗುವ ಸರಕು ಹೊತ್ತುಕೊಂಡು ನೀಲಗಂಗವ್ವ ಎಷ್ಟು ಬಿಂಕ ಮಾಡುತ್ತಾಳೆ ನೋಡಿ ಎಂದು ಚಹಾದಂಗಡಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಗುರವಾದರೂ ಇಳಿಸುವುದಕ್ಕೆ ಇನ್ನೊಬ್ಬರು ಬೇಕೇ ಬೇಕಲ್ಲ.

ನಮ್ಮ ಊರಿನಲ್ಲಿ ತಲೆಯ ಮೇಲೆ ಹೊತ್ತದ್ದನ್ನು ಹೊತ್ತವರೇ ಇಳಿಸಲು ಆಗುವುದಿಲ್ಲ. ಕೈಯಲ್ಲಿ ಹಿಡಿದದ್ದು, ಹೆಗಲಿಗೆ ಹಾಕಿಕೊಂಡದ್ದು, ಸೊಂಟದ ಮೇಲೆ ಇಟ್ಟುಕೊಂಡದ್ದು ಎಲ್ಲ ಊರುಗಳಲ್ಲಿ ಇಳಿದಂತೆ ಇಲ್ಲೂ ಇಳಿಯುತ್ತದೆ. ತಲೆಗೆ ಏರಿದ್ದು ಮಾತ್ರ ಬೇರೆಯವರ ಕೈ ತಾಗುವವರೆಗೆ ಅಲುಗುವುದಿಲ್ಲ, ಒಂದು ಹಿಡಿ ಪುಂಡಿಪಲ್ಯದ ಸೊಪ್ಪಾದರೂ ಅಷ್ಟೇ. ಅದಕ್ಕೇ ಇಲ್ಲಿ ಒಂಟಿಯಾಗಿ ಇರುವವರು ಸಂದಿಯ ಕೊನೆಯ ಮನೆ ಹಿಡಿಯುವುದಿಲ್ಲ. ಹೆಣ್ಣು ಕೊಡುವವರು ಮೊದಲು ಕೇಳುವುದು ಗಂಡಿನ ಪಕ್ಕದ ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ ಎಂದು. ಹಿಂದೊಮ್ಮೆ ಹೊರಗಿನಿಂದ ಬಂದ ಇಂಜಿನಿಯರ್ ಒಬ್ಬರು ನಮ್ಮ ಕಷ್ಟ ನೋಡಲಾರದೆ ಚಾವಡಿಯ ಎದುರು ಎದೆಮಟ್ಟಕ್ಕೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದರು. ಅದರ ಮೇಲೆ ಹೊರೆ ಜಾರಿಸಿದರೆ ಆಯಿತು ಎಂದು ಅವರ ಲೆಕ್ಕ. ಜಾರಲಿಲ್ಲ. ಇಂಜಿನಿಯರರು ತಾವೇ ಒಂದು ಬುಟ್ಟಿ ಹೊತ್ತು ನೋಡಿ ಸಂಜೆಯವರೆಗೆ ಕಟ್ಟೆಗೆ ತಲೆ ಆನಿಸಿ ನಿಂತಿದ್ದರಂತೆ, ಸಹಾಯ ಕೇಳಲು ನಾಚಿಕೆಯಾಗಿ. ಈಗ ಆ ಕಟ್ಟೆಯ ಮೇಲೆ ಆಡುಗಳು ಮಲಗುತ್ತವೆ.

ಇಳಿಸು ಎಂದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೋರ್ಟು ಕಚೇರಿ ಹತ್ತಿ ಜಗಳವಾಡುವ ಅಣ್ಣತಮ್ಮಂದಿರೂ ಮೊದಲು ಚೀಲ ಇಳಿಸಿ ಆಮೇಲೆ ಬೈಯುತ್ತಾರೆ. ಇಳಿಸಲು ಚಾಚಿದ ಕೈಯನ್ನು ಬೇಡ ಎನ್ನುವುದೂ ಇಲ್ಲ. ಯಾರು ಬೇಕಾದರೂ ಯಾರದನ್ನು ಬೇಕಾದರೂ ಇಳಿಸಬಹುದು. ಆದರೆ ಎಲ್ಲರಿಗೂ ತಮ್ಮವರು ಎನ್ನುವ ಒಬ್ಬರು ಇರುತ್ತಾರೆ. ಅವರನ್ನು ನಾವು ಹೊರೆ ಎನ್ನುತ್ತೇವೆ. ದಾರಿಹೋಕರು ಇಳಿಸಿ ಹೋಗಿಬಿಡುತ್ತಾರೆ. ಹೊರೆಯಾದವರು ಇಳಿಸಿದ ಮೇಲೆ ಕತ್ತಿನ ಹಿಂದೆ, ಹೆಡಕಿನಲ್ಲಿ, ಬೆರಳು ಊರಿ ಎರಡು ಸಲ ತೀಡುತ್ತಾರೆ. ಅಷ್ಟೇ ವ್ಯತ್ಯಾಸ. ಇದಕ್ಕೆ ಮುಹೂರ್ತ, ಮಾತುಕತೆ ಏನೂ ಇಲ್ಲ; ಒಂದು ದಿನ ಯಾರೋ ತೀಡುತ್ತಾರೆ, ಮರುದಿನವೂ ತೀಡುತ್ತಾರೆ, ಹಾಗೇ ಆಗಿಹೋಗುತ್ತದೆ.

ನನಗೆ ಹಾಗೆ ಆದವಳು ಹುಸೇನಬಿ. ಅವಳದು ಹಳೆ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿಯುವ ಕೆಲಸ. ಅವಳ ಮನೆಗೂ ಅಕ್ಕಿ ಹುರಿದು ಚುರುಮುರಿ ಮಾಡುವ ನನ್ನ ಭಟ್ಟಿಗೂ ನಡುವೆ ಇರುವುದು ಒಂದೇ ಗೋಡೆ. ಮನೆಮನೆಗೆ ಹೋಗಿ ಹಳೆ ಸೀರೆ ಕಟ್ಟಿಸಿಕೊಂಡು ಅವಳು ಗಂಟು ಹೊತ್ತು ಬಂದರೆ ನಾನು ಇಳಿಸುತ್ತಿದ್ದೆ, ನಾನು ಅಕ್ಕಿ ಹೊತ್ತು ಬಂದರೆ ಅವಳು. ಇಪ್ಪತ್ತಾರು ವರ್ಷ. ನಡುವೆ ನನ್ನ ಗಂಡ ತೀರಿಕೊಂಡ, ಅವಳ ಮೂರು ಹೆಣ್ಣುಮಕ್ಕಳ ಮದುವೆಯಾಯಿತು, ಗೋಡೆ ಒಮ್ಮೆ ಬಿದ್ದು ಮತ್ತೆ ಎದ್ದಿತು. ಹೆಡಕು ತೀಡುವುದು ಒಂದು ದಿನವೂ ತಪ್ಪಲಿಲ್ಲ. ನನ್ನ ಬಟ್ಟಲುಗಳು ಅವಳ ಮನೆಯಲ್ಲಿ, ಅವಳ ತಟ್ಟೆಗಳು ನನ್ನ ಮನೆಯಲ್ಲಿ, ಯಾವುದು ಯಾರದೆಂದು ಇಬ್ಬರಿಗೂ ಮರೆತುಹೋಗಿತ್ತು.

ಹೀಗಿರುವಾಗ ಭುಜಂಗರಾವ್ ಬಂದರು. ಅವರು ಪದಕೋಶ ಮಾಡುವ ಮಾಸ್ತರರು. ಒಂದು ತಗಡಿನ ಪೆಟ್ಟಿಗೆ ತುಂಬ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ರಟ್ಟಿನ ಚೀಟಿಗಳು, ಒಂದೊಂದು ಚೀಟಿಗೆ ಒಂದೊಂದು ಪದ. ಹೊರುವುದಕ್ಕೆ ಸಂಬಂಧಿಸಿದ ಪದಗಳನ್ನೆಲ್ಲ ಹುಡುಕುತ್ತ ಊರೂರು ಸುತ್ತುತ್ತಿದ್ದರು. ನಮ್ಮಲ್ಲಿ ಹೊರೆ ಎಂದರೆ ಮನುಷ್ಯರು ಎಂದು ಯಾರೋ ಹೇಳಿದ್ದಕ್ಕೆ ಬಸ್ಸು ಹತ್ತಿ ಬಂದಿದ್ದರು. ಊರಿನ ದೊಡ್ಡ ಮನೆಯಾದ ದೇಸಾಯರ ವಾಡೆಯ ಮುಂದಿನ ಕೋಣೆಯಲ್ಲಿ ಅವರಿಗೆ ಇಳಿಯುವ ವ್ಯವಸ್ಥೆಯಾಯಿತು. ದಿನಾ ಸಾಯಂಕಾಲ ಚಾವಡಿಯಲ್ಲಿ ಕುಳಿತು ಕೇಳುತ್ತಿದ್ದರು, ಬರೆಯುತ್ತಿದ್ದರು. ನಾವೆಲ್ಲ ಅವರ ಸುತ್ತ ನೆರೆಯುತ್ತಿದ್ದೆವು. ನಮ್ಮ ಬಾಯಿಂದ ಬಿದ್ದದ್ದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಬೇರೆ ಊರುಗಳಲ್ಲಿ ಹೊರೆ ಎಂದರೆ ಬರೀ ಭಾರ, ಜನ ಆ ಮಾತು ಆಡುವಾಗ ನಿಟ್ಟುಸಿರು ಬಿಡುತ್ತಾರೆ ಎಂದು ಅವರು ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಆದರೆ ಪದ ಹಳೆಯದು, ಮೊದಲು ಅದು ಪೊರೆ ಎಂದಿತ್ತು, ಅದರ ಅರ್ಥ ಒಂದೇ ಅಲ್ಲ ಎಂದರು. ಹೊಟ್ಟೆ ಹೊರೆಯುವುದು ಎನ್ನುತ್ತೇವಲ್ಲ, ಅಲ್ಲಿ ಅದು ಸಾಕುವುದು, ಸಲಹುವುದು. ನೆರೆಹೊರೆ ಎನ್ನುವಲ್ಲಿ ಹತ್ತಿರ, ಪಕ್ಕ. ಇವೆಲ್ಲ ಒಂದೇ ಬೇರಿನಿಂದ ಚಿಗುರಿದವೋ, ಬೇರೆ ಬೇರೆ ಗಿಡಗಳು ಒಂದೇ ಬೇಲಿಯಲ್ಲಿ ಸೇರಿಕೊಂಡವೋ ಪಂಡಿತರಿಗೂ ಪೂರ್ತಿ ಗೊತ್ತಿಲ್ಲವಂತೆ. ಪಂಡಿತರಿಗೆ ಗೊತ್ತಿಲ್ಲದಿದ್ದರೆ ನಮಗೇನಾಯಿತು, ನಮಗೆ ಗೊತ್ತಿತ್ತು. ಹುಸೇನಬಿ ತನ್ನ ಅಜ್ಜಿ ಹೇಳಿದ್ದನ್ನು ಹೇಳಿದಳು. ಒಬ್ಬ ಹೆಂಗಸು ಎಲ್ಲಿಂದಲೋ ಗಂಟು ಹೊತ್ತು ನಡೆಯುತ್ತ ಬಂದಳಂತೆ, ಎಲ್ಲೂ ಯಾರೂ ಇಳಿಸಲಿಲ್ಲವಂತೆ, ಇಲ್ಲಿ ಒಬ್ಬಳು ಇಳಿಸಿದಳಂತೆ, ಇಬ್ಬರೂ ಅಲ್ಲೇ ಒಲೆ ಹೂಡಿದರಂತೆ, ಅದೇ ಊರಾಯಿತಂತೆ. ನನ್ನ ಅಜ್ಜಿಯ ಕಥೆಯಲ್ಲಿ ಇಳಿಸಿದವಳೇ ಮೊದಲು ಬಂದು ಕಾಯುತ್ತ ಕುಳಿತಿದ್ದವಳು. ನಾವಿಬ್ಬರೂ ಅಷ್ಟು ಹೊತ್ತು ವಾದ ಮಾಡಿದೆವೆಂದರೆ ಮಾಸ್ತರರ ಪೆನ್ನಿನ ಶಾಯಿ ಮುಗಿಯಿತು.

ತಪ್ಪು ನಡೆದದ್ದು ಅದಾದ ಮೂರನೆಯ ದಿನ, ದೇಸಾಯರ ವಾಡೆಯಲ್ಲಿ. ನಾನು ವಾರದ ಚುರುಮುರಿ ಕೊಡಲು ಹೋಗಿದ್ದೆ. ಅಲ್ಲಿಯ ಆಳು ಚೀಲ ಇಳಿಸಿಕೊಂಡ. ಪಡಸಾಲೆಯ ತೂಗುಮಂಚದ ಮೇಲೆ ದೇಸಾಯರ ಸೊಸೆ ವತ್ಸಲಾಬಾಯಿ ಕುಳಿತಿದ್ದರು, ಕೆಳಗೆ ಚಾಪೆಯ ಮೇಲೆ ಮಾಸ್ತರರು. ಅರ್ಥ ಬರೆದಾಯಿತು, ಇನ್ನು ಒಂದು ಉದಾಹರಣೆ ವಾಕ್ಯ ಬೇಕು, ನೀವೇ ಹೇಳಿ, ಹೆಸರಿದ್ದರೆ ವಾಕ್ಯಕ್ಕೆ ಜೀವ ಬರುತ್ತದೆ ಎಂದು ಮಾಸ್ತರರು ನನಗೆ ಹೇಳಿದರು. ಅವರ ಪೆನ್ನು ಚೀಟಿಯ ಮೇಲೆ ನಿಂತಿತ್ತು. ಅದು ಅಚ್ಚಾಗುತ್ತದೆ, ದೊಡ್ಡ ದೊಡ್ಡ ಶಾಲೆಗಳಲ್ಲಿ ಓದುತ್ತಾರೆ ಎಂದು ನನಗೆ ಗೊತ್ತಿತ್ತು. ಹುಸೇನಬಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ಅಷ್ಟರಲ್ಲಿ ತೂಗುಮಂಚದ ಹಿತ್ತಾಳೆ ಸರಪಳಿ ಕಣ್ಣಿಗೆ ಬಿತ್ತು. ಅಚ್ಚಿನ ಪುಸ್ತಕದಲ್ಲಿ ನನ್ನ ಪಕ್ಕ ಹರಕು ಸೀರೆ ಹೊಲಿಯುವವಳ ಹೆಸರಿಗಿಂತ ಈ ಹೆಸರು ಒಪ್ಪುತ್ತದೆ ಎನಿಸಿತು. ವತ್ಸಲಾಬಾಯಾರು ನನ್ನ ಹೊರೆ ಎಂದುಬಿಟ್ಟೆ.

ವತ್ಸಲಾಬಾಯಿ ನನ್ನ ಚೀಲಕ್ಕೆ ಒಂದು ದಿನವೂ ಕೈ ಹಚ್ಚಿದವರಲ್ಲ. ಆದರೂ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ; ಮುಖ ಅರಳಿಸಿಕೊಂಡು ನನಗೆ ನಾಲ್ಕು ಅಂಟಿನ ಉಂಡೆ ಕಟ್ಟಿಸಿ ಕೊಟ್ಟರು. ಅದರಲ್ಲಿ ಎರಡನ್ನು ನಾನು ಹುಸೇನಬಿಗೇ ಕೊಟ್ಟೆ. ಅವಳು ತಿಂದು, ತುಪ್ಪ ಚೆನ್ನಾಗಿದೆ ಎಂದಳು.

ಮಾಸ್ತರರಿಗೆ ಒಂದು ಅಭ್ಯಾಸವಿತ್ತು. ಬರೆದದ್ದನ್ನು ಇನ್ನೊಬ್ಬರಿಗೆ ಓದಿ ಹೇಳಿ ಸರಿಯೇ ಎಂದು ಕೇಳುತ್ತಿದ್ದರು. ನನ್ನ ವಾಕ್ಯವನ್ನು ಓದಿ ಹೇಳಲು, ಪಾಪ, ಅವರಿಗೆ ಸಿಕ್ಕಿದ್ದು ಮನೆಮುಂದಿನ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದ ಹುಸೇನಬಿ. ಅವಳು ಸೂಜಿ ನಿಲ್ಲಿಸದೆ ಕೇಳಿ, ಬರೋಬ್ಬರಿ ಇದೆ ಎಂದಳಂತೆ.

ಆ ಮಧ್ಯಾಹ್ನ ನಾನು ಅಕ್ಕಿಚೀಲ ಹೊತ್ತು ಬಂದಾಗ ಅವಳು ಎದ್ದು ಬಂದು ಎಂದಿನಂತೆ ಇಳಿಸಿದಳು. ನಾನು ಎಂದಿನಂತೆ ಕತ್ತು ಬಗ್ಗಿಸಿ ನಿಂತೆ. ಬೆರಳು ಬರಲಿಲ್ಲ. ಮರೆತಳೇನೋ ಎಂದು ಇನ್ನಷ್ಟು ಬಗ್ಗಿದೆ.

"ಇನ್ನೂ ಏನರ ಇಳಸೂದು ಐತೇನ್ರೀ?" ಎಂದಳು ಹುಸೇನಬಿ.

ಆ 'ರೀ' ಕೇಳಿ ನನಗೆ ವಿಷಯ ತಿಳಿಯಿತು. ಇಪ್ಪತ್ತಾರು ವರ್ಷ ನನ್ನನ್ನು ಏ ನೀಲಿ ಎಂದು ಕರೆದವಳು ಅವಳು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಮೇಲೆ ಹನ್ನೊಂದು ದಿನ ಹಾಗೇ ನಡೆಯಿತು. ಕರೆದರೆ ಬರುತ್ತಾಳೆ, ಇಳಿಸುತ್ತಾಳೆ, ಹೋಗುತ್ತಾಳೆ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ, ಜಗಳದಲ್ಲಿ ನಾನೇನೂ ಕಡಿಮೆಯವಳಲ್ಲ. ಒಂದು ದಿನ ಬಿಸಿ ಚುರುಮುರಿಗೆ ಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿ ಬಟ್ಟಲಲ್ಲಿ ಕೊಟ್ಟೆ. ತೆಗೆದುಕೊಂಡಳು. ಸಂಜೆಗೆ ಬಟ್ಟಲು ತೊಳೆದು ವಾಪಸು ತಂದಿಟ್ಟಳು. ಅದರ ಜೊತೆಗೆ ವರ್ಷಗಳಿಂದ ಅವಳ ಮನೆಯಲ್ಲಿ ಉಳಿದಿದ್ದ ನನ್ನ ಇನ್ನೂ ಐದು ಬಟ್ಟಲು, ಒಂದು ಸೌಟು. ಯಾವುದು ನನ್ನದೆಂದು ಅವಳಿಗೆ ಅಷ್ಟು ದಿನವೂ ನೆನಪಿತ್ತು. ಆ ರಾಶಿ ನೋಡಿ ನನಗೆ ಊಟ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಸುದ್ದಿ ಬಂತು: ಮಾಸ್ತರರ ಕೆಲಸ ಮುಗಿದಿದೆ, ಮರುದಿನದ ಬಸ್ಸಿಗೆ ಹೊರಡುತ್ತಾರೆ, ಚೀಟಿಗಳು ನೇರವಾಗಿ ಅಚ್ಚುಕೂಟಕ್ಕೆ ಹೋಗುತ್ತವೆ. ಬಾಯಿಂದ ಹೊರಟ ಸುಳ್ಳು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ, ಅಚ್ಚಾದದ್ದು ಹಾಗಲ್ಲ. ಹುಸೇನಬಿ ಬದುಕಿರುವಷ್ಟು ದಿನ, ನಾವಿಬ್ಬರೂ ಹೋದ ಮೇಲೂ, ಅವಳು ನನಗೆ ಏನೂ ಅಲ್ಲ ಎಂದು ಆ ಪುಸ್ತಕ ಹೇಳುತ್ತಲೇ ಇರುತ್ತದೆ. ಅಂದು ವಾಡೆಗೆ ಚುರುಮುರಿ ಕೊಡುವ ದಿನವೂ ಆಗಿತ್ತು. ಭಟ್ಟಿಯ ಕೂಲಿಯವರಿಂದ ಚೀಲ ಹೊರಿಸಿಕೊಂಡು ವಾಡೆಯ ನಲವತ್ತೆರಡು ಮೆಟ್ಟಿಲು ಹತ್ತಿದೆ. ಮಾಸ್ತರರನ್ನು ಬದಿಗೆ ಕರೆದು, ಯಾರಿಗೂ ಗೊತ್ತಾಗದಂತೆ ಹೆಸರು ಬದಲಿಸಲು ಹೇಳಿ ಬರುವುದು ನನ್ನ ಯೋಜನೆ. ಮಾನವೂ ಉಳಿಯಬೇಕು, ಹುಸೇನಬಿಯೂ ಉಳಿಯಬೇಕು. ಅಷ್ಟು ಜಾಣೆ ನಾನು.

ಅಂಗಳದಲ್ಲಿ ಕಾಲಿಡುತ್ತಿದ್ದಂತೆ ವತ್ಸಲಾಬಾಯಿ ತೂಗುಮಂಚದಿಂದ ಇಳಿದು ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಚೀಲದ ಕೆಳಗಿನಿಂದ ನನಗೆ ಅವರ ಕಾಲುಂಗುರಗಳು ಕಂಡವು. ಮುಂದೆ ಬಂದ ಆಳನ್ನು ಅವರು ತಡೆದರು.

"ಇವತ್ತ ನಾನ ಇಳಸ್ತೀನಿ ನೀಲವ್ವ," ಎಂದರು. "ಪುಸ್ತಕದಾಗ ಹೆಸರು ಬರಲಿಕ್ಕತ್ತದ. ಒಂದು ಸಲಾನರೆ ಇಳಸಬೇಕಲ್ಲ."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಎರಡೂ ಕೈ ಮೇಲೆತ್ತಿದರು. ಅವರ ಬೆರಳು ಚೀಲಕ್ಕೆ ತಾಗಿದರೆ ನನ್ನ ಸುಳ್ಳು ಅಲ್ಲಿಗೆ ನಿಜವಾಗುತ್ತಿತ್ತು. ಇನ್ನು ಬದಲಿಸಿ ಎಂದು ಮಾಸ್ತರರಿಗೆ ಯಾವ ಬಾಯಿಂದ ಹೇಳುವುದು? ಅವರು ಹೆಡಕು ತೀಡಿಬಿಟ್ಟರೆ? ಯೋಚಿಸಲಿಲ್ಲ, ಹಿಂದಕ್ಕೆ ಎರಡು ಹೆಜ್ಜೆ ಸರಿದೆ.

ಚಾಚಿದ ಕೈಯಿಂದ ಹಿಂದೆ ಸರಿದವರನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ. ಆಳಿನ ಕೈಯಿಂದ ಕಸಬರಿಗೆ ಬಿತ್ತು. ಮಾಸ್ತರರು ಪೆಟ್ಟಿಗೆಗೆ ಚೀಟಿ ತುಂಬುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ನನ್ನ ಮುಖ ಚೀಲದಲ್ಲಿ ಮುಚ್ಚಿತ್ತು, ಅದೊಂದು ಪುಣ್ಯ.

"ಬ್ಯಾಡ್ರಿ ಬಾಯಾರ," ಎಂದೆ. "ನಾ ಸುಳ್ಳ ಹೇಳಿದ್ದೆ. ದೊಡ್ಡ ಮನಿ ಹೆಸರು ಪುಸ್ತಕದಾಗ ಬರಲಿ ಅಂತ ಆಸೆ ಬಿತ್ತು. ನನ್ನ ಹೊರೆ ನೀವಲ್ಲ, ಕೌದಿ ಹೊಲಿಯೋ ಹುಸೇನಬಿ. ಇದನ್ನ ಆಕಿನ ಇಳಸಬೇಕು."

ಕಾಲುಂಗುರದ ಕಾಲುಗಳು ಒಂದು ಬದಿಗೆ ಸರಿದು ದಾರಿ ಬಿಟ್ಟವು. ಹಾಗಾದರೆ ಅವಳ ಮನೆಯ ತನಕ ಹೊತ್ತುಕೊಂಡೇ ಹೋಗು ಎಂದರು ವತ್ಸಲಾಬಾಯಿ. ಅದು ಸಿಟ್ಟಿನಿಂದ ಅಂದದ್ದೋ ಒಳ್ಳೆಯ ಮಾತಾಗಿ ಅಂದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಮುಂದಿನ ಮೂರು ತಿಂಗಳು ವಾಡೆಯವರು ನನ್ನ ಭಟ್ಟಿಯ ಚುರುಮುರಿ ತರಿಸಲಿಲ್ಲ, ನಾಲ್ಕನೆಯ ತಿಂಗಳು ತರಿಸಿದರು. ಅದನ್ನು ನಾನು ಏನೂ ಅಂದುಕೊಳ್ಳಲಿಲ್ಲ.

ತುಂಬಿದ ಚೀಲ ತುಂಬಿದ ಹಾಗೇ ಮೆಟ್ಟಿಲು ಇಳಿದು ಬರುತ್ತಿರುವುದನ್ನು ಊರು ನೋಡಿತು. ಮೊದಲು ಕೈ ಚಾಚಿದವನು ಹೂವಿನವನು. ಬೇಡ ಎಂದೆ. ಆಮೇಲೆ ನೀರು ತರುತ್ತಿದ್ದ ಇಬ್ಬರು ಹೆಂಗಸರು, ಅಂಚೆಯವನು, ಗಿರಣಿಯ ಮುಂದೆ ನಿಂತಿದ್ದ ಮೂವರು. ಎಲ್ಲರಿಗೂ ಬೇಡ ಬೇಡ ಎನ್ನುತ್ತ ನಡೆದೆ. ಚಹಾದಂಗಡಿಯವನಿಗೆ ಕೋಪವೇ ಬಂತು, ತನ್ನ ಕೈಗೇನಾಗಿದೆ ಎಂದು ಕೇಳಿದ. ಹಿಂದಿನಿಂದ ಚಪ್ಪಲಿಯ ಸದ್ದು ಬರುತ್ತಿತ್ತು. ಮಾಸ್ತರರು ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ನನ್ನ ಹಿಂದೆ ಬರುತ್ತಿದ್ದರು. ನಾನು ಸಂದಿ ಮುಟ್ಟುವ ಹೊತ್ತಿಗೆ ಸುದ್ದಿ ಮೊದಲೇ ಹೋಗಿ ತಲುಪಿತ್ತು. ಸುದ್ದಿಗೆ ತಲೆಯ ಮೇಲೆ ಚೀಲವಿರಲಿಲ್ಲವಲ್ಲ.

ಹುಸೇನಬಿ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದಳು. ಮಡಿಲ ತುಂಬ ಕೆಂಪು, ಹಸಿರು ತುಂಡುಗಳು. ತಲೆ ಎತ್ತಲಿಲ್ಲ.

"ಯಾಕ, ವಾಡೇದಾಗ ಇಳಸೋರು ಇದ್ದಿದ್ದಿಲ್ಲೇನು?"

"ಇದ್ರು. ನಾ ಇಳಸಗೊಡಲಿಲ್ಲ."

ಸೂಜಿ ಬಟ್ಟೆಯ ಅಂಚಿನವರೆಗೆ ಹೋಯಿತು, ಅಲ್ಲಿಂದ ತಿರುಗಿ ಇನ್ನೊಂದು ಸಾಲು ಹಿಡಿಯಿತು. ಅವಳ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ಆ ಸಾಲು ಮುಗಿಯುವವರೆಗೆ ನಾನು ನಿಂತೇ ಇದ್ದೆ. ಚುರುಮುರಿ ಹೊತ್ತು ನಿಂತವಳನ್ನು ನೋಡಿ ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ. ಕಲ್ಲಿನ ಗುಂಡಾದರೂ ಹೊತ್ತು ಬರಬೇಕಿತ್ತು ಎನಿಸಿತು. ಬಿಸಿಲು ಏರಿತ್ತು. ಮಾಸ್ತರರು ಬೇವಿನ ಮರದ ಕೆಳಗೆ ಪೆಟ್ಟಿಗೆ ಇಟ್ಟು ಅದರ ಮೇಲೇ ಕುಳಿತರು. ಕೊನೆಗೆ ಹುಸೇನಬಿ ದಾರವನ್ನು ಹಲ್ಲಿನಿಂದ ಕಡಿದು, ಮಡಿಲು ಕೊಡವಿ ಎದ್ದಳು. ಅವಳ ಕೈ ಚೀಲಕ್ಕೆ ತಾಗಿತು, ಚೀಲ ಇಳಿಯಿತು.

ನಾನು ಕತ್ತು ಬಗ್ಗಿಸಿದೆ. ಇನ್ನೇನು ಹೋಗುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಹೆಡಕಿಗೆ ತಣ್ಣಗೆ ಏನೋ ತಾಗಿ ಬೆಚ್ಚಿಬಿದ್ದೆ. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೊಪ್ಪಿಗೆಯನ್ನು ಅವಳು ತೆಗೆಯುವುದನ್ನೇ ಮರೆತಿದ್ದಳು. ಅದು ಸಮೇತ ಒಂದು ಸಲ ತೀಡಿದಳು, ಇನ್ನೊಂದು ಸಲ ತೀಡಿದಳು. ನನಗೆ ಅಳು ಬಂತು. ಮುಚ್ಚಿಕೊಳ್ಳಲು ತಲೆಯ ಮೇಲೆ ಚೀಲವೂ ಇರಲಿಲ್ಲ, ಬೀದಿಯಲ್ಲಿ ನಿಂತು ಎಲ್ಲರೆದುರು ಅತ್ತೆ.

"ಹೆಡಕು ಕಲ್ಲಾಗೇತಲ್ಲ ನೀಲಿ," ಎಂದಳು ಹುಸೇನಬಿ. "ಹನ್ನೊಂದು ದಿನ ಏನ್ ಮಾಡಿದಿ?"

ಅವಳೂ ಎಣಿಸಿದ್ದಳು. ಮಾಸ್ತರರು ಚೀಟಿ ಹಿಡಿದು ಹತ್ತಿರ ಬಂದು, ಈಗ ಏನೆಂದು ಬರೆಯಲಿ ಎಂದು ಕೇಳಿದಾಗ ಅವಳು ಏನಾದರೂ ಬರೆದುಕೊಳ್ಳಿ, ತನಗಿನ್ನು ಅದರ ಉಸಾಬರಿ ಇಲ್ಲ ಎಂದುಬಿಟ್ಟಳು. ಸಂಜೆ ನಾನು ಆರು ಬಟ್ಟಲು, ಒಂದು ಸೌಟು ತೆಗೆದುಕೊಂಡು ಹೋಗಿ ಅವಳ ಅಡುಗೆಮನೆಯ ಗೂಡಿನಲ್ಲಿ ಇಟ್ಟು ಬಂದೆ. ಆ ಚೀಲದ ಚುರುಮುರಿಯನ್ನು ಸಂದಿಯವರೆಲ್ಲ ಸೇರಿ ತಿಂದರು. ಬೇಡ ಎನಿಸಿಕೊಂಡವರಿಗೆ ಎರಡೆರಡು ಸೇರು ಹೆಚ್ಚು ಕೊಟ್ಟೆ.

ಪುಸ್ತಕ ಬಂದದ್ದು ಒಂದೂವರೆ ವರ್ಷದ ಮೇಲೆ, ಅಂಚೆಯಲ್ಲಿ. ರುಬ್ಬುಗುಂಡಿನಷ್ಟು ತೂಕ. ನಾನು ಅದನ್ನು ಅಂಚೆಕಚೇರಿಯಿಂದ ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತು ತಂದೆ. ಹುಸೇನಬಿ ಇಳಿಸಿ, ಹೆಡಕು ತೀಡಿ, ಕಟ್ಟೆಯ ಮೇಲೆ ಕೌದಿ ಹಾಸಿದಳು. ಅದರ ಮೇಲೆ ಪುಸ್ತಕ ಇಟ್ಟು ಹುಡುಕಿದೆವು. ಸಿಕ್ಕಿತು. ಮೊದಲು ಭಾರ ಎಂದಿತ್ತು, ಆಮೇಲೆ ಸಲಹುವುದು, ಆಮೇಲೆ ಪಕ್ಕ, ಹತ್ತಿರ. ಅದರ ಕೆಳಗೆ ನಮ್ಮದು: ಹೊತ್ತವರ ಭಾರ ಇಳಿಸುವ ಆಪ್ತರು. ನಮ್ಮಿಬ್ಬರ ಅಜ್ಜಿಯರ ಕಥೆಯೂ ಒಂದೊಂದು ಸಾಲಿನಲ್ಲಿ ಇತ್ತು, ಯಾರದು ನಿಜ ಎಂದು ಹೇಳದೆ. ಕೊನೆಯಲ್ಲಿ ಉದಾಹರಣೆ: 'ಅವಳು ನನ್ನ ಹೊರೆ.'

ಹೆಸರಿಲ್ಲ. ಜೊತೆಗಿದ್ದ ಕಾಗದದಲ್ಲಿ ಮಾಸ್ತರರು ಬರೆದಿದ್ದರು, ಉದಾಹರಣೆಗಳಲ್ಲಿದ್ದ ಎಲ್ಲ ಹೆಸರುಗಳನ್ನೂ ಸಂಪಾದಕ ಮಂಡಳಿಯವರು ತೆಗೆದುಹಾಕಿದರಂತೆ, ಅದು ಪದಕೋಶಗಳ ನಿಯಮವಂತೆ, ಹಳ್ಳಿ ಸುತ್ತುವ ತಮಗೆ ಅದು ಮೊದಲು ತಿಳಿದಿರಲಿಲ್ಲವಂತೆ. ಅಂದರೆ ನಾನು ಯಾರ ಹೆಸರು ಹೇಳಿದ್ದರೂ ಅಷ್ಟೇ ಆಗಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಸೇನಬಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಆ ಸಾಲನ್ನು ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಇದರಲ್ಲಿ 'ನನ್ನ' ಎನ್ನುವವಳು ನಾನು, 'ಅವಳು' ಎಂದರೆ ನೀನು ಎಂದಳು. ನಾನು ಬಿಡುತ್ತೇನೆಯೇ? ವಾಕ್ಯ ಹೇಳಿದವಳು ನಾನಾದ್ದರಿಂದ 'ನನ್ನ' ನಾನೇ ಎಂದೆ. ಆ ಜಗಳ ಇನ್ನೂ ಮುಗಿದಿಲ್ಲ.

ಪುಸ್ತಕ ಒಂದು ತಿಂಗಳು ನನ್ನ ಮನೆಯಲ್ಲಿ ಇರುತ್ತದೆ, ಒಂದು ತಿಂಗಳು ಅವಳ ಮನೆಯಲ್ಲಿ. ನಡುವೆ ಇರುವುದು ಒಂದೇ ಗೋಡೆ, ಬಾಗಿಲಿನಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಕಂಕುಳಲ್ಲಿ ಅವುಚಿಕೊಂಡು ಹೋಗಿ ನಾವೇ ಇಟ್ಟು ಬರಬಹುದು, ಯಾರ ಕೈಯೂ ಬೇಕಿಲ್ಲ. ಆದರೆ ತಿಂಗಳು ತುಂಬಿದ ದಿನ ನಾನು ಸಿಂಬಿ ಸುತ್ತಿಕೊಳ್ಳುತ್ತೇನೆ, ಪುಸ್ತಕವನ್ನು ತಲೆಯ ಮೇಲೆ ಏರಿಸಿಕೊಂಡು ಒಂಬತ್ತು ಹೆಜ್ಜೆ ನಡೆದು ಅವಳ ಬಾಗಿಲಲ್ಲಿ ನಿಲ್ಲುತ್ತೇನೆ. ಮುಂದಿನ ತಿಂಗಳು ಅವಳೂ ಹಾಗೇ ಹೊತ್ತುಕೊಂಡು ಬರುತ್ತಾಳೆ.